ಕಾಲೇಜಿನ ಜೊತೆಗೆ ಬ್ಯಾಲೆ: ಬೆಂಗಳೂರಿನಲ್ಲಿ ಯಾವ ಕ್ಲಾಸು ನಿಮಗೆ ಹೊಂದುತ್ತದೆ?

"ನನಗೆ 19 ವರ್ಷ. ಈಗ ಬ್ಯಾಲೆ ಶುರು ಮಾಡಿದರೆ ತಡ ಆಯ್ತಾ?" ಎಂದು ಕೇಳುವ ಹುಡುಗ ಹುಡುಗಿಯರು ಈಗ ತುಂಬಾ ಜನ ಸಿಗುತ್ತಾರೆ. ಬ್ಯಾಲೆಯನ್ನೇ ಹೊಟ್ಟೆಪಾಡು ಮಾಡಿಕೊಳ್ಳಬೇಕು ಅಂದರೆ ತಡವೇ. ಅಂಥವರ ಗಟ್ಟಿ ತರಬೇತಿ ಸಾಮಾನ್ಯವಾಗಿ ಎಂಟು ಹತ್ತನೇ ವಯಸ್ಸಿಗೇ ಶುರುವಾಗಿರುತ್ತದೆ. ಕಲಿಯಬೇಕು, ಚೆನ್ನಾಗಿ ಮಾಡಬೇಕು, ಮೈಗೆ ಒಂದು ಹಿಡಿತ ಬರಬೇಕು ಅಂದರೆ ಏನೂ ತಡವಾಗಿಲ್ಲ. ನಾನೂ ಎಂಜಿನಿಯರಿಂಗ್ ಓದುವಾಗಲೇ ಕಲಿಯಲು ಶುರು ಮಾಡಿದವಳು. ಅದಕ್ಕೇ ಈ ಪ್ರಶ್ನೆ ಕೇಳುವವರ ಮೇಲೆ ನನಗೆ ಅಕ್ಕರೆ ಜಾಸ್ತಿ.

ಕಷ್ಟದ ಪ್ರಶ್ನೆ ಇದರ ನಂತರ ಬರುತ್ತದೆ. ಎಲ್ಲಿ ಸೇರೋದು? ಬ್ಯಾಲೆಗೆಂದೇ ಇರುವ ಶಾಲೆಯಾ, ಸಾಲ್ಸಾದಿಂದ ಹಿಪ್‌ಹಾಪ್‌ವರೆಗೆ ಎಲ್ಲವನ್ನೂ ಕಲಿಸುವ ಸ್ಟುಡಿಯೋವಾ, ಕಂಟೆಂಪರರಿ ಡ್ಯಾನ್ಸ್ ಕೇಂದ್ರವಾ, ನಾಲ್ಕು ಜನ ಸೇರಿ ಒಬ್ಬ ಟೀಚರನ್ನು ಗೊತ್ತು ಮಾಡಿಕೊಳ್ಳೋದಾ, ಇಲ್ಲ ಪಿಜಿ ರೂಮಿನಲ್ಲೇ ಆನ್‌ಲೈನಾ? ಒಂದೊಂದನ್ನೂ ತೂಗಿ ನೋಡೋಣ. ಅದಕ್ಕೂ ಮೊದಲು ಯಾವ ತಕ್ಕಡಿಯಲ್ಲಿ ತೂಗಬೇಕು ಅನ್ನೋದು ಸ್ಪಷ್ಟವಾಗಲಿ. ಇನ್‌ಸ್ಟಾಗ್ರಾಂನಲ್ಲಿ ಚೆಂದ ಕಾಣುವ ಸ್ಟುಡಿಯೋ, ದೊಡ್ಡ ಹೆಸರು, ವಿದೇಶಿ ಸರ್ಟಿಫಿಕೇಟ್ ಇವೆಲ್ಲ ಕೊನೆಗೆ ನೋಡುವ ಸಂಗತಿಗಳು.

ಮೊದಲು ನೋಡಬೇಕಾದ್ದು: ತಿದ್ದುವ ಕಣ್ಣು

ಬ್ಯಾಲೆಯಲ್ಲಿ ಕಾಲುಗಳು ಹೊರಕ್ಕೆ ತಿರುಗಿರಬೇಕು. ಇದಕ್ಕೆ ಟರ್ನ್‌ಔಟ್ ಅಂತಾರೆ. ಈ ತಿರುವು ಬರಬೇಕಾದ್ದು ಸೊಂಟದ ಕೀಲಿನಿಂದ. ತೊಡೆಯ ಮೂಳೆ ಆ ಕೀಲಿನಲ್ಲಿ ಎಷ್ಟು ತಿರುಗುತ್ತದೋ ಅಷ್ಟೇ ನಿಮ್ಮ ಪಾಲಿನ ಟರ್ನ್‌ಔಟ್. ಹೊಸಬರು ಫೋಟೋಗಳನ್ನು ನೋಡಿ ಎರಡೂ ಪಾದಗಳನ್ನು ಒಂದೇ ಗೆರೆಗೆ ತರಲು ಹೋಗುತ್ತಾರೆ. ಪಾದವನ್ನು ನೆಲಕ್ಕೆ ಒತ್ತಿ ಹಿಡಿದು ಬಲವಂತದಿಂದ ತಿರುಗಿಸಿ ನಿಲ್ಲುತ್ತಾರೆ. ಪಾದ ಪಕ್ಕಕ್ಕೆ ನೋಡುತ್ತಿರುತ್ತದೆ, ಮಂಡಿ ಮುಂದಕ್ಕೆ. ತಿರುಚಿದ ಭಾರವೆಲ್ಲ ಮಂಡಿಯ ಮೇಲೆ ಬೀಳುತ್ತದೆ. ಆ ಕ್ಷಣಕ್ಕೆ ನೋವು ಗೊತ್ತಾಗದೇ ಇರಬಹುದು. ತಿಂಗಳುಗಟ್ಟಲೆ ಹೀಗೇ ಮಾಡಿದರೆ ಮಂಡಿ ಹಾಳಾಗುತ್ತದೆ.

ಇದನ್ನು ಕನ್ನಡಿ ನೋಡಿ ನೀವೇ ಕಂಡುಹಿಡಿಯೋದು ಕಷ್ಟ. ನಿಮಗೆ ಬೇಕಾದ್ದು ಇನ್ನೊಬ್ಬರ ಕಣ್ಣು. ಹಾಗಾಗಿ ಟ್ರಯಲ್ ಕ್ಲಾಸಿಗೆ ಹೋದಾಗ ಟೀಚರ್ ಎಷ್ಟು ಚೆನ್ನಾಗಿ ಕುಣಿಯುತ್ತಾರೆ ಅಂತ ನೋಡಬೇಡಿ, ಪ್ಲಿಯೆ ಮಾಡಿಸುವಾಗ ಅವರು ಎಲ್ಲಿ ನಿಂತಿರುತ್ತಾರೆ ನೋಡಿ. ಪ್ಲಿಯೆ ಅಂದರೆ ಮಂಡಿ ಬಗ್ಗಿಸಿ ಇಳಿದು ಮತ್ತೆ ಏಳುವುದು. ಎಲ್ಲ ಕ್ಲಾಸೂ ಸಾಮಾನ್ಯವಾಗಿ ಅಲ್ಲಿಂದಲೇ ಶುರು. ಒಳ್ಳೆಯ ಟೀಚರ್ ಒಂದು ಸಲ ಮಾಡಿ ತೋರಿಸಿ, ಆಮೇಲೆ ಬಾರ್ (ಆಸರೆಗೆ ಹಿಡಿಯುವ ಅಡ್ಡ ಕಂಬಿ) ಹಿಡಿದು ನಿಂತವರ ಸಾಲಿನ ಉದ್ದಕ್ಕೂ ನಡೆಯುತ್ತಾರೆ. ಮಂಡಿ ಕಾಲಿನ ಎರಡನೇ ಬೆರಳಿನ ನೇರಕ್ಕಿದೆಯಾ, ಪಾದದ ಕಮಾನು ಒಳಕ್ಕೆ ಕುಸಿದಿದೆಯಾ, ಬೆನ್ನು ಹಿಂದಕ್ಕೆ ಹೋಗಿದೆಯಾ ಎಂದು ಬಗ್ಗಿ ನೋಡುತ್ತಾರೆ. ಮುಟ್ಟಿ ತಿದ್ದುವ ಮುಂಚೆ "ಮುಟ್ಟಬಹುದಾ?" ಎಂದು ಕೇಳುತ್ತಾರೆ. "ಅಷ್ಟು ತಿರುಗಿಸಬೇಡ, ಸ್ವಲ್ಪ ಕಮ್ಮಿ ಮಾಡು" ಅಂತ ನಿಮಗೆ ಹೇಳಿದರೆ ಬೇಜಾರು ಬೇಡ. ಆ ಮಾತು ಹೇಳುವ ಟೀಚರ್ ಸಿಕ್ಕಿದ್ದೇ ಅದೃಷ್ಟ. ಇಡೀ ಗಂಟೆ ಕನ್ನಡಿಗೆ ಮುಖ ಮಾಡಿ ತಾವೇ ಮಾಡುತ್ತಾ, ನೀವು ಹಿಂದೆ ನಿಂತು ನಕಲು ಮಾಡುವ ಕ್ಲಾಸಾದರೆ ಅದಕ್ಕೆ ದುಡ್ಡು ಕೊಡುವ ಅಗತ್ಯ ಇಲ್ಲ. ಯೂಟ್ಯೂಬ್ ಆ ಕೆಲಸವನ್ನು ಪುಕ್ಕಟೆ ಮಾಡುತ್ತದೆ.

ನೆಲವನ್ನು ಗುದ್ದಿ ನೋಡಿ

ಬೆಂಗಳೂರಿನ ಎಷ್ಟೋ ಸ್ಟುಡಿಯೋಗಳು ಮನೆಯ ಮೇಲ್ಮಹಡಿಯಲ್ಲೋ, ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲೋ ಇರುತ್ತವೆ. ನೆಲಕ್ಕೆ ಗ್ರಾನೈಟೋ ಟೈಲ್ಸೋ ಹಾಕಿರುತ್ತಾರೆ. ಅದರ ಮೇಲೆ ಬೂದು ಬಣ್ಣದ ವಿನೈಲ್ ಶೀಟ್ ಹಾಸಿದರೆ ನೋಡೋಕೆ ಡ್ಯಾನ್ಸ್ ಫ್ಲೋರ್ ಥರಾನೇ ಕಾಣುತ್ತದೆ. ಶೀಟ್ ಕಾಲು ಜಾರದಂತೆ ಹಿಡಿಯುತ್ತದೆ, ಅಷ್ಟೇ. ಜಿಗಿದು ಇಳಿದಾಗಿನ ಪೆಟ್ಟನ್ನು ಹೀರಿಕೊಳ್ಳುವುದು ಸ್ಪ್ರಂಗ್ ಫ್ಲೋರ್. ಅಂದರೆ ಕೆಳಗೆ ಮರದ ಪಟ್ಟಿ ಅಥವಾ ಫೋಮ್ ಕೊಟ್ಟು, ಮೇಲೆ ಮರದ ಹಲಗೆ ಹೊಡೆದ ನೆಲ.

ಗೊತ್ತು ಮಾಡಿಕೊಳ್ಳುವುದು ಸುಲಭ. ಬರಿಗಾಲಲ್ಲಿ ನಿಂತು ಹಿಮ್ಮಡಿಯಿಂದ ಒಂದು ಸಲ ಮೆಲ್ಲಗೆ ಗುದ್ದಿ. ಟೊಳ್ಳು ಸದ್ದು ಬಂದು, ಪಕ್ಕದಲ್ಲಿ ನಿಂತವರ ಪಾದಕ್ಕೂ ಅದುರು ತಾಗಿದರೆ ಕೆಳಗೆ ಮರ ಇದೆ. ಸದ್ದೇ ಬರದೆ ಹಿಮ್ಮಡಿಗೆ ಚುರುಕ್ ಅಂದರೆ ಕೆಳಗಿರುವುದು ಕಲ್ಲು. ನಾನು ಮೊದಲು ಸೇರಿದ ಜಾಗದಲ್ಲಿ ಶೀಟ್ ಕೆಳಗೆ ಟೈಲ್ಸ್ ಇತ್ತು. ಜಿಗಿತ ಶುರುವಾದ ಮೇಲೆ ಬ್ಯಾಚಿನ ಅರ್ಧಕ್ಕರ್ಧ ಜನ ಮೊಣಕಾಲಿನ ಕೆಳಗಿನ ಮೂಳೆ ಉದ್ದಕ್ಕೂ ನೋವು ಅನ್ನುತ್ತಿದ್ದೆವು. ಕಲ್ಲಿನ ನೆಲದ ಕ್ಲಾಸು ಅಂದ ಮಾತ್ರಕ್ಕೆ ಪೂರ್ತಿ ಕೈಬಿಡಬೇಕಿಲ್ಲ. ಮೊದಲ ಕೆಲವು ತಿಂಗಳು ಹೆಚ್ಚಿನ ಪಾಠವೆಲ್ಲ ಬಾರ್ ಹಿಡಿದೇ ನಡೆಯುತ್ತದೆ, ಅದಕ್ಕೆ ಗಟ್ಟಿ ನೆಲವಾದರೂ ನಡೆಯುತ್ತದೆ. ಜಿಗಿತ ಶುರುವಾದಾಗ ಮಾತ್ರ ಜಾಗ ಬದಲಿಸಬೇಕು, ಇಲ್ಲವೇ ಆ ಭಾಗ ಬಿಟ್ಟು ಮಾಡುತ್ತೇನೆ ಎಂದು ಟೀಚರಿಗೆ ಹೇಳಬೇಕು.

ಬ್ಯಾಚು, ದಾರಿ, ದುಡ್ಡು

"ಬಿಗಿನರ್" ಅಂತ ಬರೆದಿರುವ ಬ್ಯಾಚೆಲ್ಲ ಬಿಗಿನರ್ ಆಗಿರುವುದಿಲ್ಲ. ಒಂದೇ ಬ್ಯಾಚಿಗೆ ಯಾವಾಗ ಬೇಕಾದರೂ ಜನ ಸೇರುತ್ತಿದ್ದರೆ, ಎರಡು ವರ್ಷದಿಂದ ಬರುತ್ತಿರುವವರ ಪಕ್ಕ ನೀವು ನಿಂತಿರುತ್ತೀರಿ. ಪಾಠ ಅವರ ವೇಗಕ್ಕೆ ಓಡುತ್ತದೆ. ಹೊಸ ಬ್ಯಾಚ್ ಯಾವ ತಿಂಗಳು ಶುರು ಎಂದು ಫೋನಿನಲ್ಲೇ ಕೇಳಿ. ದೊಡ್ಡವರ ಬ್ಯಾಚ್ ಬೇರೆ ಇದೆಯಾ ಅಂತಲೂ ಕೇಳಿ. ಈ ಊರಿನಲ್ಲಿ ಬ್ಯಾಲೆ ಕ್ಲಾಸಿಗೆ ಮಕ್ಕಳೇ ಜಾಸ್ತಿ. 12 ವರ್ಷದವರ ನಡುವೆ ನಿಲ್ಲುವುದರಲ್ಲಿ ತಪ್ಪೇನಿಲ್ಲ, ಆದರೆ ಮಕ್ಕಳ ಮೈಗೆ ಮಾಡಿದ ಪಾಠ ನಿಮ್ಮ ಮೈಗೆ ಸರಿಹೋಗುವುದಿಲ್ಲ.

ದಾರಿಯ ಲೆಕ್ಕ ಎಲ್ಲಕ್ಕಿಂತ ನಿಷ್ಠುರ. ಕಾಲೇಜು ಬನಶಂಕರಿಯಲ್ಲಿ, ಕ್ಲಾಸು ಇಂದಿರಾನಗರದಲ್ಲಿ, ಸಂಜೆ 7ಕ್ಕೆ ಶುರು ಅಂದರೆ ಕಾಗದದ ಮೇಲೆ ಸರಿ ಕಾಣುತ್ತದೆ. ಮಳೆ ಬಂದ ಸಂಜೆ ಆಟೋದಲ್ಲಿ ಆ ದಾರಿ ಹಿಡಿದು ನೋಡಿ. ಮೆಟ್ರೋ ಹತ್ತಿರ ಇರುವ ಕ್ಲಾಸು ಈ ಊರಿನಲ್ಲಿ ಅರ್ಧ ಗೆದ್ದ ಹಾಗೆ. ಹಸಿರು ಮಾರ್ಗದಲ್ಲಿ ಮೆಜೆಸ್ಟಿಕ್‌ವರೆಗೆ ಬಂದು, ನೇರಳೆ ಮಾರ್ಗಕ್ಕೆ ಬದಲಿಸಿದರೆ ಇಂದಿರಾನಗರಕ್ಕೆ ಟ್ರಾಫಿಕ್ ಇಲ್ಲದೆ ಹೋಗಬಹುದು. ಎಲೆಕ್ಟ್ರಾನಿಕ್ ಸಿಟಿ ಕಡೆಯವರಿಗೆ 2025ರ ಆಗಸ್ಟ್‌ನಿಂದ ಹಳದಿ ಮಾರ್ಗವೂ ಇದೆ. ಅದು ಆರ್.ವಿ. ರಸ್ತೆಯಲ್ಲಿ ಹಸಿರು ಮಾರ್ಗಕ್ಕೆ ಕೂಡುತ್ತದೆ. ಆದರೆ 2025ರಲ್ಲಿ ದರ ಏರಿದ ಮೇಲೆ ದೂರದ ಪ್ರಯಾಣಕ್ಕೆ ಒಂದು ಕಡೆಗೇ 90 ರೂಪಾಯಿವರೆಗೆ ಆಗುತ್ತದೆ ಅನ್ನುವುದು ನೆನಪಿರಲಿ. ಹುಡುಗಿಯರಿಗೆ ಶಕ್ತಿ ಯೋಜನೆ ದೊಡ್ಡ ಆಸರೆ. ಕರ್ನಾಟಕದ ವಿಳಾಸದ ಗುರುತಿನ ಚೀಟಿ ಇದ್ದರೆ ಬಿಎಂಟಿಸಿಯ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಎಸಿ ವಜ್ರ ಬಸ್ಸಿಗೆ ಅದು ನಡೆಯುವುದಿಲ್ಲ.

ಇನ್ನು ಪಿಜಿ, ಹಾಸ್ಟೆಲ್ ಗೇಟ್ ಮುಚ್ಚುವ ಹೊತ್ತು. 8.30ಕ್ಕೆ ಮುಗಿಯುವ ಕ್ಲಾಸಿನಿಂದ 9.30ರ ಗೇಟಿಗೆ ದಿನಾ ಓಡಿಬರಬೇಕು ಅಂದರೆ, ಕೊನೆಯ ಹತ್ತು ನಿಮಿಷದ ಸ್ಟ್ರೆಚಿಂಗ್ ಬಿಟ್ಟು ಓಡುತ್ತೀರಿ. ಮೈಗೆ ಅತ್ಯಗತ್ಯವಾದ ಹತ್ತು ನಿಮಿಷ ಅದು. ಅಂಥವರಿಗೆ ಶನಿವಾರ, ಭಾನುವಾರದ ಬೆಳಗಿನ ಬ್ಯಾಚೇ ಒಳ್ಳೆಯದು.

ದುಡ್ಡನ್ನು ತಿಂಗಳ ಫೀಸಿನಲ್ಲಿ ಅಳೆಯಬೇಡಿ, ನೀವು ನಿಜವಾಗಿ ಹೋಗುವ ಕ್ಲಾಸಿನ ಲೆಕ್ಕದಲ್ಲಿ ಅಳೆಯಿರಿ. ತಿಂಗಳಿಗೆ 4000 ರೂಪಾಯಿ, 8 ಕ್ಲಾಸು ಅಂದುಕೊಳ್ಳಿ. ಒಂದಕ್ಕೆ 500 ಆಯ್ತು. ಇಂಟರ್ನಲ್ಸ್ ಬಂದು 3 ತಪ್ಪಿದರೆ ಅದೇ ಕ್ಲಾಸು 800 ಆಗುತ್ತದೆ. ಮೇಲೆ ಹೋಗಿಬರುವ ಖರ್ಚು ಬೇರೆ. ಅದಕ್ಕೇ ಪರೀಕ್ಷೆಯ ತಿಂಗಳು ಫೀಸ್ ತಡೆಹಿಡಿಯಲು ಬಿಡುತ್ತಾರಾ, ತಪ್ಪಿದ ಕ್ಲಾಸನ್ನು ಬೇರೆ ದಿನ ಮಾಡಬಹುದಾ ಎಂದು ಸೇರುವ ಮುಂಚೆಯೇ ಕೇಳಬೇಕು. ಕಾಲೇಜಿನವರಿಗೆ ಎರಡು ನೂರು ರೂಪಾಯಿ ರಿಯಾಯಿತಿಗಿಂತ ಈ ಅನುಕೂಲದ ಬೆಲೆ ಹೆಚ್ಚು.

ಬ್ಯಾಲೆಗೆಂದೇ ಇರುವ ಶಾಲೆ

ಲೂಯಿಸ್ ಫೌಂಡೇಶನ್ ಆಫ್ ಕ್ಲಾಸಿಕಲ್ ಬ್ಯಾಲೆಯಂತೆ ಬ್ಯಾಲೆ ಕಲಿಸಲೆಂದೇ ಹುಟ್ಟಿಕೊಂಡ ಸಂಸ್ಥೆಗಳು ಬೆಂಗಳೂರಿನಲ್ಲಿವೆ. ಮನೆಯ ಹತ್ತಿರ ಒಬ್ಬರೇ ಟೀಚರ್ ನಡೆಸುವ ಚಿಕ್ಕ ಶಾಲೆಗಳೂ ಇವೆ. ಇಂಥ ಕಡೆ ತಿದ್ದುವ ಕಣ್ಣು ಸಿಗುವ ಸಾಧ್ಯತೆ ಹೆಚ್ಚು. ಪಾಠಕ್ಕೆ ಒಂದು ಕ್ರಮ ಇರುತ್ತದೆ. ಈ ವಾರ ತಾಂದ್ಯು ಕಲಿಯುತ್ತೀರಿ, ಅಂದರೆ ಪಾದವನ್ನು ನೆಲಕ್ಕೆ ಸವರಿಕೊಂಡೇ ಬೆರಳ ತುದಿವರೆಗೆ ಚಾಚುವುದು. ಮುಂದಿನ ತಿಂಗಳು ಅದೇ ಚಲನೆ ನೆಲ ಬಿಟ್ಟು ಮೇಲೇಳುತ್ತದೆ. ಒಂದರ ಮೇಲೊಂದು ಕಟ್ಟುತ್ತಾ ಹೋಗುತ್ತಾರೆ.

ಕೊರತೆ ಎಂದರೆ ಹೊತ್ತು ಮತ್ತು ದುಡ್ಡು. ದೊಡ್ಡವರ ಬ್ಯಾಚ್ ವಾರದಲ್ಲಿ ಒಂದೋ ಎರಡೋ ಇರುತ್ತದೆ. ಅದು ನಿಮ್ಮ ಲ್ಯಾಬ್ ಇರುವ ಸಂಜೆಗೇ ಬಂದರೆ ಏನೂ ಮಾಡಲಾಗದು. ಮೂರು ತಿಂಗಳ ಫೀಸ್ ಒಟ್ಟಿಗೆ ಕೇಳುವವರೂ ಇದ್ದಾರೆ.

ಇಲ್ಲಿ ಪದ್ಧತಿಯ ಹೆಸರುಗಳು ಕಿವಿಗೆ ಬೀಳುತ್ತವೆ. ರಾಯಲ್ ಅಕಾಡೆಮಿ ಆಫ್ ಡ್ಯಾನ್ಸ್ 1920ರಲ್ಲಿ ಲಂಡನ್ನಿನಲ್ಲಿ ಶುರುವಾದ ಸಂಸ್ಥೆ, ಅದರ ಗ್ರೇಡ್ ಪರೀಕ್ಷೆಗಳು ಹೆಸರುವಾಸಿ. ವಗಾನೋವ ಪದ್ಧತಿ ರಷ್ಯಾದ್ದು. ಅಗ್ರಿಪ್ಪಿನಾ ವಗಾನೋವ ತಮ್ಮ ಪಾಠಕ್ರಮವನ್ನು 1934ರಲ್ಲಿ ಪುಸ್ತಕವಾಗಿ ತಂದರು. ಚೆಕೆಟ್ಟಿ ಪದ್ಧತಿ ಇಟಲಿಯ ಗುರುವೊಬ್ಬರ ಹೆಸರಿನದು. ಮೊದಲ ವರ್ಷದಲ್ಲಿ ಇವುಗಳ ವ್ಯತ್ಯಾಸ ನಿಮಗೆ ತಟ್ಟುವುದೇ ಇಲ್ಲ. ಐದು ಪಾದಸ್ಥಾನ, ಪ್ಲಿಯೆ, ತಾಂದ್ಯು ಎಲ್ಲ ಕಡೆಯೂ ಒಂದೇ. ಪರೀಕ್ಷೆ ಕಟ್ಟಿದರೆ ಅದರ ಶುಲ್ಕ ಬೇರೆ ಆಗುತ್ತದೆ. ಮುಂದೆ ಕಲಿಸುವ ಆಸೆ ಇದ್ದವರಿಗೆ ಮಾತ್ರ ಅದು ಬೇಕು.

ಎಲ್ಲ ಬಗೆಯ ಡ್ಯಾನ್ಸ್ ಕಲಿಸುವ ಸ್ಟುಡಿಯೋ

ಕೋರಮಂಗಲ, ಎಚ್‌ಎಸ್‌ಆರ್, ಇಂದಿರಾನಗರ, ಜಯನಗರದಲ್ಲಿ ಇಂಥವು ಸಾಕಷ್ಟಿವೆ. ಕಾಲೇಜಿನವರ ಬದುಕಿಗೆ ಸುಲಭವಾಗಿ ಹೊಂದುವುದು ಇವೇ. ಕ್ಲಾಸಿಗಿಷ್ಟು ಅಂತಲೋ, ಹತ್ತು ಕ್ಲಾಸಿನ ಕಾರ್ಡ್ ಅಂತಲೋ ದುಡ್ಡು ಕೊಟ್ಟರೆ ಸಾಕು. ಪರೀಕ್ಷೆ ಬಂದರೆ ಸುಮ್ನೆ ಬಿಟ್ಟು, ಮುಗಿದ ಮೇಲೆ ಮತ್ತೆ ಹೋಗಬಹುದು. ಕಾರ್ಡಿಗೆ ಕೊನೆಯ ದಿನಾಂಕ ಇರುತ್ತದೆ, ಅದನ್ನು ಮಾತ್ರ ನೋಡಿಕೊಳ್ಳಿ. ಒಂದು ತಿಂಗಳಲ್ಲಿ ಮುಗಿಸಬೇಕು ಅನ್ನುವ ಕಾರ್ಡು ಅಗ್ಗ ಕಂಡರೂ ದುಬಾರಿಯೇ.

ಕಷ್ಟ ಏನೆಂದರೆ ಟೀಚರ್ ಬದಲಾಗುತ್ತಾ ಇರುತ್ತಾರೆ. ಜಾಝ್ ಕಲಿಸುವವರೇ ಬ್ಯಾಲೆಯನ್ನೂ ಕಲಿಸುವುದುಂಟು. "ಬ್ಯಾಲೆಯನ್ನು ಎಲ್ಲಿ, ಎಷ್ಟು ವರ್ಷ ಕಲಿತಿದ್ದೀರಿ?" ಎಂದು ವಿನಯವಾಗಿ ಕೇಳುವುದರಲ್ಲಿ ಮುಜುಗರ ಬೇಡ. ಚೆನ್ನಾಗಿ ಕಲಿತವರು ಖುಷಿಯಿಂದ ಹೇಳುತ್ತಾರೆ. ಕ್ಲಾಸು 60 ನಿಮಿಷವಾ 90 ನಿಮಿಷವಾ ಅನ್ನುವುದೂ ಮುಖ್ಯ. 60 ನಿಮಿಷದಲ್ಲಿ ವಾರ್ಮ್‌ಅಪ್, ಬಾರ್ ಮುಗಿಯುವಷ್ಟರಲ್ಲಿ ಹೊತ್ತಾಗಿಬಿಡುತ್ತದೆ. ಕೋಣೆಯ ನಡುವೆ ಬಾರ್ ಇಲ್ಲದೆ ಮಾಡುವ ಸೆಂಟರ್ ಅಭ್ಯಾಸಕ್ಕೆ ಜಾಗವೇ ಉಳಿಯುವುದಿಲ್ಲ. ಕೈಯಲ್ಲಿ ದುಡ್ಡು ಕಮ್ಮಿ ಇದ್ದು, ಬ್ಯಾಲೆ ನಿಜವಾಗಿ ಇಷ್ಟ ಆಗುತ್ತಾ ಅಂತ ಇನ್ನೂ ಗೊತ್ತಿಲ್ಲದವರು ಎರಡು ತಿಂಗಳು ಇಲ್ಲಿ ಕಳೆಯಲಿ.

ಕಂಟೆಂಪರರಿ ಕೇಂದ್ರ

1992ರಲ್ಲಿ ಹುಟ್ಟಿದ ಅಟ್ಟಕ್ಕಲರಿ ಎಂಬ ಡ್ಯಾನ್ಸ್ ಸಂಸ್ಥೆಯಿಂದಾಗಿ ಕಂಟೆಂಪರರಿ ಡ್ಯಾನ್ಸಿನಲ್ಲಿ ಬೆಂಗಳೂರಿಗೆ ದೇಶದಲ್ಲೇ ಒಂದು ಹೆಸರಿದೆ. ಇಂಥ ಕಡೆ ಬ್ಯಾಲೆಯನ್ನು ಕಂಟೆಂಪರರಿಗೆ ಬೇಕಾದ ಅಡಿಪಾಯವಾಗಿ ಕಲಿಸುತ್ತಾರೆ. ಮೈ ಹೇಗೆ ಕೆಲಸ ಮಾಡುತ್ತದೆ ಅನ್ನುವ ತಿಳಿವಳಿಕೆ ಚೆನ್ನಾಗಿ ಸಿಗುತ್ತದೆ. ವೇಗ ಜಾಸ್ತಿ, ಜೊತೆಗಿರುವವರು ಆಗಲೇ ಕುಣಿಯುವವರು. ಕಾಲೇಜಿನ ಡ್ಯಾನ್ಸ್ ಟೀಮಿನಲ್ಲಿದ್ದು ಫೆಸ್ಟುಗಳಿಗೆ ಹೋಗುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗಲಿಕ್ಕಿಲ್ಲ. ಇದೇ ಮೊದಲ ಸಲ ಕುಣಿಯುವವರಿಗೆ ನಾನು ಇದನ್ನು ಹೇಳುವುದಿಲ್ಲ.

ನಾಲ್ಕು ಜನ, ಒಬ್ಬ ಟೀಚರ್

ತುಂಬಾ ಜನ ಯೋಚಿಸದೇ ಬಿಡುವ ದಾರಿ ಇದು. ಒಬ್ಬರೇ ಖಾಸಗಿ ಪಾಠ ಹೇಳಿಸಿಕೊಂಡರೆ ಕೈ ಸುಡುತ್ತದೆ. ಮೂರು ನಾಲ್ಕು ಗೆಳತಿಯರು ಸೇರಿದರೆ ತಲೆಗೆ ಬೀಳುವ ದುಡ್ಡು ಸ್ಟುಡಿಯೋ ಫೀಸಿನ ಆಸುಪಾಸಿಗೆ ಬರಬಹುದು. ತಿದ್ದುವ ಕಣ್ಣು ಪೂರ್ತಿ ನಿಮ್ಮ ಮೇಲೇ ಇರುತ್ತದೆ, ಹೊತ್ತು ನಿಮ್ಮ ಟೈಮ್‌ಟೇಬಲ್ ನೋಡಿ ಇಟ್ಟುಕೊಳ್ಳಬಹುದು. ಆದರೆ ಜಾಗ ನೀವೇ ಹುಡುಕಬೇಕು. ಅಪಾರ್ಟ್‌ಮೆಂಟಿನ ಹಾಲಿನಲ್ಲಿ ಬಾರ್ ಇರುವುದಿಲ್ಲ, ಸ್ಪ್ರಂಗ್ ಫ್ಲೋರಂತೂ ಇಲ್ಲವೇ ಇಲ್ಲ. ಒಬ್ಬಳು ಸೆಮಿಸ್ಟರ್ ನಡುವೆ ಕೈಬಿಟ್ಟರೆ ಉಳಿದವರ ಪಾಲು ಏರುತ್ತದೆ. ಮೊದಲೇ ಮಾತಾಡಿ, ಒಂದು ಸೆಮಿಸ್ಟರ್ ಮುಗಿಯುವವರೆಗೆ ಯಾರೂ ಬಿಡುವುದಿಲ್ಲ ಅಂತ ಒಪ್ಪಂದ ಮಾಡಿಕೊಂಡರೆ ಇದು ಚೆನ್ನಾಗಿ ನಡೆಯುತ್ತದೆ.

ಆನ್‌ಲೈನ್

ಮೊದಲ ಮೂರು ತಿಂಗಳು ಬರೀ ವಿಡಿಯೋ ನೋಡಿ ಕಲಿಯಬೇಡಿ. ಟರ್ನ್‌ಔಟ್ ವಿಷಯ ಮೇಲೆ ಹೇಳಿದ್ದೇನಲ್ಲ, ಅದೇ ಕಾರಣ. ಜೂಮ್‌ನಲ್ಲಿ ಲೈವ್ ತಿದ್ದುವ ಟೀಚರ್ ಸಿಕ್ಕರೆ ಸ್ವಲ್ಪ ವಾಸಿ, ಆದರೆ ಕ್ಯಾಮೆರಾ ನೆಲದ ಎತ್ತರದಲ್ಲಿ ಇಟ್ಟು ನಿಮ್ಮ ಪಾದ ಕಾಣುವಂತೆ ಮಾಡಬೇಕು. ಸ್ಟುಡಿಯೋ ಪಾಠದ ಜೊತೆಗೆ ಆದರೆ ಆನ್‌ಲೈನ್ ತುಂಬಾ ಒಳ್ಳೆಯ ಆಸರೆ. ಕಿಟಕಿಯ ಕಂಬಿ ಹಿಡಿದು ದಿನಾ ಹದಿನೈದು ನಿಮಿಷ ತಾಂದ್ಯು ಮಾಡಿದರೂ ವ್ಯತ್ಯಾಸ ಕಾಣುತ್ತದೆ. ಪ್ಲಾಸ್ಟಿಕ್ ಕುರ್ಚಿ ಹಿಡಿಯಬೇಡಿ, ಭಾರ ಬಿದ್ದರೆ ಮಗುಚುತ್ತದೆ. ಟೈಲ್ಸಿನ ಮೇಲೆ ಸಾಕ್ಸ್ ಹಾಕಿಕೊಂಡು ಮಾಡುವುದೂ ಬೇಡ.

ವಾರಾಂತ್ಯದ ಒಂದು ದಿನದ ವರ್ಕ್‌ಶಾಪು ರುಚಿ ನೋಡೋಕೆ ಸರಿ, ಕಲಿಯೋಕೆ ಅಲ್ಲ. ಜಿಮ್ಮುಗಳ "ಬಾರ್ ಫಿಟ್‌ನೆಸ್" ಒಳ್ಳೆಯ ವ್ಯಾಯಾಮ, ಬ್ಯಾಲೆ ಅದರಿಂದ ಬರುವುದಿಲ್ಲ.

ಭರತನಾಟ್ಯ ಕಲಿತವರಿಗೆ ಒಂದು ಮಾತು

ಜೂನಿಯರ್ ಪರೀಕ್ಷೆ ಕಟ್ಟಿ ಬಿಟ್ಟವರು ಕಾಲೇಜಿನಲ್ಲಿ ತುಂಬಾ ಇದ್ದಾರೆ. ನೀವು ಪೂರ್ತಿ ಹೊಸಬರಲ್ಲ. ಅರೆಮಂಡಿಯಲ್ಲಿ ಕೂತು ಕೂತು ನಿಮ್ಮ ತೊಡೆಗೆ ಹೊರಕ್ಕೆ ತಿರುಗುವ ಅಭ್ಯಾಸ ಇದೆ, ತಾಳದ ಲೆಕ್ಕ ಮೈಗೆ ಗೊತ್ತು. ಕಥಕ್ ಕಲಿತವರಿಗೆ ಚಕ್ಕರ್‌ನಲ್ಲಿ ಕಣ್ಣನ್ನು ಒಂದೇ ಕಡೆ ನೆಡುವ ರೂಢಿ ಇರುತ್ತದೆ, ಬ್ಯಾಲೆಯಲ್ಲಿ ಒಂಟಿ ಕಾಲ ಮೇಲೆ ಸುತ್ತುವ ಪಿರುಯೆಟ್‌ನಲ್ಲಿ ತಲೆ ತಿರುಗದಂತೆ ಕಾಯುವುದೂ ಅದೇ. ತೊಡಕಾಗುವುದು ಪಾದದ ವಿಷಯದಲ್ಲಿ. ಅಡವಿನಲ್ಲಿ ಪಾದ ನೆಲವನ್ನು ತಟ್ಟುತ್ತದೆ, ಬ್ಯಾಲೆಯಲ್ಲಿ ಸದ್ದಿಲ್ಲದೆ ಇಳಿಯಬೇಕು. ಅರೆಮಂಡಿಯಲ್ಲಿ ನಿಲ್ಲುತ್ತೇವೆ, ಪ್ಲಿಯೆಯಲ್ಲಿ ಇಳಿದ ಕೂಡಲೇ ಏಳುತ್ತೇವೆ. ಇದನ್ನು ಮೊದಲ ದಿನವೇ ಟೀಚರಿಗೆ ಹೇಳಿ. ನಿಮಗೆ ಬಹುಶಃ ಎಲ್ಲ ಬಗೆಯ ಸ್ಟುಡಿಯೋಗಿಂತ ಬ್ಯಾಲೆ ಶಾಲೆಯೇ ಹಿಡಿಸುತ್ತದೆ, ಕ್ರಮವಾಗಿ ಕಲಿಯುವ ಅಭ್ಯಾಸ ಆಗಲೇ ಇದೆಯಲ್ಲ.

ಬಟ್ಟೆ, ಶೂ

ಮೊದಲ ತಿಂಗಳಿಗೆ ಏನೂ ಕೊಳ್ಳಬೇಡಿ. ಮಂಡಿ, ಕಣಕಾಲು ಕಾಣುವ ಲೆಗ್ಗಿಂಗ್ಸ್, ಮೈಗಂಟುವ ಟೀಶರ್ಟ್, ಎತ್ತಿ ಕಟ್ಟಿದ ಕೂದಲು ಸಾಕು. ಹುಡುಗರಿಗೂ ಅಷ್ಟೇ, ಬಿಗಿ ಟ್ರ್ಯಾಕ್ ಪ್ಯಾಂಟ್ ನಡೆಯುತ್ತದೆ. ಮುಂದುವರಿಸುತ್ತೇನೆ ಅಂತ ಗಟ್ಟಿಯಾದ ಮೇಲೆ ಬಟ್ಟೆಯ ಬ್ಯಾಲೆ ಶೂ ಒಂದು ಜೊತೆ ತಗೊಳ್ಳಿ. ಡೆಕಾತ್ಲಾನ್‌ನಲ್ಲಿ ಹಾಕಿ ನೋಡಿ ಕೊಳ್ಳಬಹುದು. ಅಡಿಭಾಗ ಎರಡು ತುಂಡಾಗಿರುವುದಕ್ಕಿಂತ ಉದ್ದಕ್ಕೂ ಒಂದೇ ಇರುವುದು ಹೊಸಬರಿಗೆ ಒಳ್ಳೆಯದು, ಪಾದ ಹೆಚ್ಚು ದುಡಿದು ಗಟ್ಟಿಯಾಗುತ್ತದೆ. ಬೆರಳ ತುದಿಯಲ್ಲಿ ನಿಲ್ಲುವ ಪಾಯಿಂಟ್ ಶೂ ಆಸೆ ಎಲ್ಲರಿಗೂ ಇರುತ್ತದೆ. ಅದಕ್ಕೆ ವರ್ಷಗಟ್ಟಲೆ ಅಭ್ಯಾಸ ಬೇಕು. ಮೊದಲ ವರ್ಷವೇ ಹಾಕಿಸುತ್ತೇವೆ ಅನ್ನುವ ಕ್ಲಾಸಿದ್ದರೆ ಅಲ್ಲಿಗೆ ಹೋಗಬೇಡಿ.

ಸೇರುವುದಾದರೆ ಸೆಮಿಸ್ಟರ್ ಶುರುವಿನಲ್ಲಿ ಸೇರಿ, ಇಂಟರ್ನಲ್ಸ್ ಬರುವಷ್ಟರಲ್ಲಿ ಎಂಟು ಹತ್ತು ಕ್ಲಾಸು ಮೈಗೆ ಹತ್ತಿರುತ್ತದೆ. ಮೂರು ಕಡೆ ಟ್ರಯಲ್ ಮಾಡಿ, ಒಂದೇ ವಾರದಲ್ಲಿ ಮಾಡಿದರೆ ಹೋಲಿಸುವುದು ಸುಲಭ. ಎರಡು ಕ್ಲಾಸು ಸರಿಸಮ ಅನ್ನಿಸಿ ಮನಸ್ಸು ಹೊಯ್ದಾಡಿದರೆ ಹತ್ತಿರದ್ದನ್ನೇ ಆರಿಸಿ. ವಾರಕ್ಕೆ ಎರಡು ಸಲ ತಪ್ಪದೆ ಹೋಗುವ ಸಾಧಾರಣ ಕ್ಲಾಸಿನಲ್ಲಿ ನೀವು ಕಲಿಯುವಷ್ಟನ್ನು, ತಿಂಗಳಿಗೆ ಎರಡು ಸಲ ಹೋಗುವ ಅತ್ಯುತ್ತಮ ಕ್ಲಾಸಿನಲ್ಲಿ ಕಲಿಯಲಾಗದು. ಹತ್ತಿರದ ಟೀಚರ್ ಕಾಲು ನೋಡದೆ ಪಾಠ ಮಾಡುವವರಾದರೆ ಮಾತ್ರ ಮೆಟ್ರೋ ಹತ್ತಿ ದೂರದ್ದಕ್ಕೆ ಹೋಗಿ.